ಎಂಟನೇ ತರಗತಿಗೇ ಮುಗಿಯುವ ಉಚಿತ ಸೀಟು

ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ, ಅಡಿಯಲ್ಲಿ ಮಗನಿಗೆ ಖಾಸಗಿ ಶಾಲೆಯ ಒಂದನೇ ತರಗತಿಗೆ ಸೀಟು ಸಿಕ್ಕಿರುವಾಗ, ಎರಡು ಬಸ್ಸು ಬದಲಿಸಿ ಸರ್ಕಾರಿ ಶಾಲೆಗೆ ಏಕೆ ಕಳಿಸಬೇಕು, ಹೇಗೂ ಉಚಿತವಲ್ಲವೇ ಎಂದು ಕೇಳಿದ್ದೀರಿ. 2013ರಲ್ಲಿ ನಾನೂ ಇದೇ ಮಾತನ್ನು ಹೆಂಡತಿಗೆ ಹೇಳಿದ್ದೆ.

ದಾವಣಗೆರೆಯಲ್ಲಿ ನನ್ನದು ಹೊಲಿಗೆ ಅಂಗಡಿ. ಈ ಸೀಟು ಹಂಚುವ ಲಾಟರಿಯಲ್ಲಿ ಮಗಳ ಹೆಸರು ಬಂದ ದಿನ ಅಕ್ಕಪಕ್ಕದ ಅಂಗಡಿಗಳಿಗೆಲ್ಲ ಪೇಡೆ ಹಂಚಿದೆ. ಶುಲ್ಕವನ್ನು ಸರ್ಕಾರ ಶಾಲೆಗೆ ಮರುಪಾವತಿ ಮಾಡುತ್ತಿತ್ತು. ಆದರೆ ಅದಕ್ಕೊಂದು ಮಿತಿಯಿತ್ತು, ಮೊದಲು ಮಗುವೊಂದಕ್ಕೆ ವರ್ಷಕ್ಕೆ 11,848 ರೂಪಾಯಿ, ಮುಂದೆ 16,000. ನಮ್ಮ ಶಾಲೆಯ ಶುಲ್ಕ ಅದಕ್ಕಿಂತ ಬಹಳ ಹೆಚ್ಚಿದ್ದುದರಿಂದ, ಉಳಿದದ್ದು ಪುಸ್ತಕ, ಸಮವಸ್ತ್ರ, ವಾರ್ಷಿಕೋತ್ಸವ ಎಂಬ ಹೆಸರುಗಳಲ್ಲಿ ನಮ್ಮ ಮನೆಗೆ ಬರುತ್ತಿತ್ತು. ಸಮವಸ್ತ್ರವನ್ನು ನಾನೇ ಹೊಲಿಯುತ್ತೇನೆಂದರೂ ಒಪ್ಪಲಿಲ್ಲ. ದರ್ಜಿಯ ಮಗಳು ಶಾಲೆಯ ಕೌಂಟರಿನಲ್ಲಿ ಕೊಂಡ, ಕಂಕುಳಲ್ಲಿ ಬಿಗಿಯುವ ಅಂಗಿ ತೊಟ್ಟು ಹೋಗುತ್ತಿದ್ದಳು.

ಇದನ್ನೆಲ್ಲ ಹೇಗೋ ತೂಗಿಸಿದೆ. ನನ್ನನ್ನು ಮುಳುಗಿಸಿದ ತಪ್ಪು ಬೇರೆಯದು. ಗೇಟಿನ ಮೇಲೆ ‘ಎಲ್‌ಕೆಜಿಯಿಂದ ಹತ್ತನೇ ತರಗತಿಯವರೆಗೆ’ ಎಂಬ ಬೋರ್ಡಿತ್ತು. ಉಚಿತ ಸೀಟೂ ಹತ್ತರವರೆಗೆ ಎಂದು ನಂಬಿಬಿಟ್ಟೆ. ಕಾಯ್ದೆಯ ರಕ್ಷಣೆ ಇರುವುದು ಎಂಟನೇ ತರಗತಿ ಮುಗಿಯುವವರೆಗೆ ಮಾತ್ರ. ಇದೇನೂ ಗುಟ್ಟಾಗಿರಲಿಲ್ಲ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಲ್ಲಿ ಕೇಳಿದ್ದರೆ ಹೇಳುತ್ತಿದ್ದರು. ಎಂಟು ವರ್ಷಗಳಲ್ಲಿ ಒಮ್ಮೆಯೂ ಕೇಳಲಿಲ್ಲ. ಕೇಳಿದರೆ ಸೀಟಿಗೇ ಕುತ್ತು ಬಂದೀತೆಂಬ ಅಳುಕೂ ಇತ್ತು, ಸುಳ್ಳೇಕೆ ಹೇಳಲಿ. 2021ರಲ್ಲಿ, ಕೊರೊನಾದಿಂದ ಮದುವೆಯ ಹೊಲಿಗೆಗಳೆಲ್ಲ ನಿಂತು ಅಂಗಡಿಯ ಬಾಡಿಗೆಯೇ ಬಾಕಿ ಬಿದ್ದಿದ್ದಾಗ, ಒಂಬತ್ತನೇ ತರಗತಿಗೆ 42,000 ರೂಪಾಯಿ ಕಟ್ಟಬೇಕೆಂಬ ಚೀಟಿ ಬಂತು. ಟಿಸಿ ಪಡೆದು ಸರ್ಕಾರಿ ಪ್ರೌಢಶಾಲೆಗೆ ಸೇರಿಸಿದೆ. ಅಲ್ಲಿದ್ದುದು ಕನ್ನಡ ಮಾಧ್ಯಮ ಮಾತ್ರ. ಫೋಟೋಸಿಂಥೆಸಿಸ್ ಎಂದು ಕಲಿತಿದ್ದವಳಿಗೆ ದ್ಯುತಿಸಂಶ್ಲೇಷಣೆ ಎಂದು ಬರೆಯುವುದು ರೂಢಿಯಾಗಲು ಒಂದು ವರ್ಷ ಹಿಡಿಯಿತು. ವಿಜ್ಞಾನದ ಮೇಷ್ಟ್ರು ಸಂಜೆ ಕೂರಿಸಿಕೊಂಡು ಹೇಳಿಕೊಟ್ಟಿದ್ದರಿಂದ ಪಾರಾದಳು.

ಹಾಗೆಂದು ಸೀಟು ಬಿಟ್ಟುಬಿಡಿ ಎನ್ನುವುದಿಲ್ಲ. ಆ ಶಾಲೆಯಲ್ಲಿ ಜೊತೆಗೆ ಓದಿದ ವೈದ್ಯರೊಬ್ಬರ ಮಗಳು ಈಗಲೂ ಅಂಗಡಿಗೆ ಬಂದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕುಳಿತು ನನ್ನ ಮಗಳೊಡನೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾಳೆ. ದೆಹಲಿಯ ಖಾಸಗಿ ಶಾಲೆಗಳಲ್ಲಿ ಬಡ ಸಹಪಾಠಿಗಳೊಂದಿಗೆ ಓದಿದ ಸಿರಿವಂತ ಮಕ್ಕಳು ಹೆಚ್ಚು ಉದಾರಿಗಳಾದರು, ಬಡವರ ಬಗ್ಗೆ ಭೇದವೆಣಿಸುವುದು ಅವರಲ್ಲಿ ಕಡಿಮೆಯಾಯಿತು ಎಂದು ಅರ್ಥಶಾಸ್ತ್ರಜ್ಞ ಗೌತಮ್ ರಾವ್ 2019ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದಂತೆ. ಈಗ ಬಿಎಯಲ್ಲಿ ಅರ್ಥಶಾಸ್ತ್ರ ಓದುತ್ತಿರುವ ಮಗಳೇ ತಿಳಿಸಿದಳು. ಅದೇ 2019ರಿಂದ ಕರ್ನಾಟಕದಲ್ಲಿ, ಸರ್ಕಾರಿ ಅಥವಾ ಅನುದಾನಿತ ಶಾಲೆಯಿರುವ ನೆರೆಹೊರೆಯ ಖಾಸಗಿ ಶಾಲೆಗಳು ಈ ಸೀಟು ಕೊಡಬೇಕಿಲ್ಲ. ಆದ್ದರಿಂದ ನಿಮಗೆ ಸಿಕ್ಕಿರುವುದು ಅಪರೂಪದ್ದೇ.

ಆದರೆ ಎಂಟು ವರ್ಷದ ರಿಯಾಯಿತಿಯನ್ನು ನೀವು ಉಚಿತವೆಂದು ಕರೆಯುತ್ತಿದ್ದೀರಿ, ನನ್ನ ತಕರಾರು ಇರುವುದು ಅಲ್ಲಿ. ಒಂಬತ್ತು, ಹತ್ತನೇ ತರಗತಿಯ ಶುಲ್ಕಕ್ಕೆಂದು ಅಂಚೆ ಕಚೇರಿಯಲ್ಲಿ ತಿಂಗಳಿಗೆ ಸಾವಿರದಂತೆ ಆರ್‌ಡಿ ಕಟ್ಟುತ್ತ ಬಂದರೆ ಎಂಟು ವರ್ಷಕ್ಕೆ ಅಸಲೇ 96,000 ಆಗುತ್ತದೆ. ಅಷ್ಟು ಕಟ್ಟುವ ಶಕ್ತಿಯಿದ್ದರೆ ಸೇರಿಸಿ. ಇಲ್ಲವಾದರೆ ಎರಡು ಬಸ್ಸಾದರೂ ಸರಿ, ಈಗಲೇ ಸರ್ಕಾರಿ ಶಾಲೆಗೆ ಕಳಿಸಿ. ನಾಳೆಯೇ ಆ ಶಾಲೆಯ ಕೌಂಟರಿಗೆ ಹೋಗಿ, ಒಂಬತ್ತನೇ ತರಗತಿಗೆ ಈ ವರ್ಷ ಎಷ್ಟು ಶುಲ್ಕವೆಂದು ಕೇಳಿ ಬರೆಸಿಕೊಂಡು ಬನ್ನಿ.