ಫ್ರಿಜ್ ಬಾಗಿಲಿಗೆ ಒಂದು ಜೊತೆ ಗ್ಲೌಸು

ತಂಗಿ, ನೀನು ಅಕ್ಕ ಎಂದು ಕರೆದು ಬರೆದಿದ್ದೀಯ, ಹಾಗಾಗಿ ನಾನೂ ಏಕವಚನದಲ್ಲೇ ಬರೆಯುತ್ತೇನೆ. ಬೇಜಾರಿಲ್ಲ ಅಲ್ವಾ?

ಮ್ಯಾಂಚೆಸ್ಟರಿಗೆ ಬಂದು ಇನ್ನೂ ಹನ್ನೊಂದು ತಿಂಗಳು. ನಿಮ್ಮವರಿಗೆ ದೊಡ್ಡ ಕರುಳಿನ ಕ್ಯಾನ್ಸರ್, ಆಪರೇಷನ್ ಆಗಿದೆ, ಮುಂದಿನ ತಿಂಗಳಿಂದ ಕೀಮೋ. ಊರಿನಿಂದ ಫೋನ್ ಮಾಡಿದವರೆಲ್ಲ ‘ಎಲ್ಲ ಬಿಟ್ಟು ಬಂದುಬಿಡಿ’ ಎನ್ನುತ್ತಾರೆ. ಇಲ್ಲಿ ಒಬ್ಬಳೇ ನಿಭಾಯಿಸಬಹುದಾ, ಡಾಕ್ಟರ ಹತ್ತಿರ ಹೋದಾಗ ನನ್ನ ಕೆಲಸವೇನು ಎಂದು ಕೇಳಿದ್ದೀಯ. ನಮ್ಮವರಿಗೂ 2018ರಲ್ಲಿ ಇದೇ ಕಾಯಿಲೆ, ಇದೇ ಕ್ಯಾಪಾಕ್ಸ್ ಔಷಧಿ, ಅಂದರೆ ಆಕ್ಸಾಲಿಪ್ಲಾಟಿನ್ ಡ್ರಿಪ್, ಜೊತೆಗೆ ನುಂಗುವ ಮಾತ್ರೆ. ನಾನು ಕಂಡದ್ದನ್ನು ಹೇಳುತ್ತೇನೆ. ಔಷಧಿಯ ವಿಷಯದಲ್ಲಿ ನಿಮ್ಮ ನರ್ಸ್ ಹೇಳಿದ್ದೇ ಕೊನೆ ಮಾತು.

ಮೊದಲು ಡಾಕ್ಟರ ರೂಮಿನ ವಿಷಯ. ನಾನು ಎಡವಿದ್ದು ಅಲ್ಲೇ.

ನನ್ನ ಸೋದರಮಾವನಿಗೆ ಬೆಂಗಳೂರಿನ ಕಿದ್ವಾಯಿಯಲ್ಲಿ ಚಿಕಿತ್ಸೆ ಆಗಿತ್ತು. ಅವರಿಗೆ ಏನಾಗಿದೆ ಎಂದು ಮನೆಮಂದಿಗೆಲ್ಲ ಗೊತ್ತಿತ್ತು, ಅವರೊಬ್ಬರನ್ನು ಬಿಟ್ಟು. ‘ಗಡ್ಡೆ, ಕರಗುತ್ತದೆ’ ಎಂದಿದ್ದೆವು. ಫೈಲು ನಮ್ಮ ಕೈಯಲ್ಲಿ, ಮಾತು ನಮ್ಮದು. ರೋಗಿ ಪಕ್ಕದಲ್ಲಿ ಸುಮ್ನೆ ಕೂತಿರುತ್ತಿದ್ದರು. ಅದೇ ಅಭ್ಯಾಸದಲ್ಲಿ ನಾನು ಇಲ್ಲಿಯೂ ಫೈಲು ಹಿಡಿದುಕೊಂಡು ಮುಂದೆ ಕೂತೆ. ಡಾಕ್ಟರು ನಮ್ಮವರ ಮುಖ ನೋಡಿ ‘ನಿಮಗೆ ಏನಾಗಿದೆ ಎಂದು ನೀವು ತಿಳಿದುಕೊಂಡಿದ್ದೀರಿ?’ ಎಂದು ಕೇಳಿದರು. ಉತ್ತರ ನಾನು ಕೊಡಲು ಹೋದೆ. ಪಕ್ಕದಲ್ಲಿದ್ದ ನರ್ಸ್ ಮೆಲ್ಲಗೆ ‘ಅವರ ಬಾಯಿಂದಲೇ ಕೇಳೋಣ’ ಎಂದರು. ನನಗೆ ಮುಖಕ್ಕೆ ಹೊಡೆದಂತಾಯಿತು. ಕಾರಿನಲ್ಲಿ ಮನೆಗೆ ಬರುವವರೆಗೂ ಮಾತಾಡಲಿಲ್ಲ.

ಆಮೇಲೆ ಅರ್ಥವಾಯಿತು. ಇಲ್ಲಿ ಅಪಾಯಿಂಟ್‌ಮೆಂಟ್ ರೋಗಿಯದು. ಅವರು ಒಪ್ಪದೆ ಹೆಂಡತಿಗೂ ಏನೂ ಹೇಳುವುದಿಲ್ಲ. ಅದಕ್ಕೇ ಮೊದಲ ದಿನವೇ ‘ನನ್ನ ಹೆಂಡತಿಗೆ ಎಲ್ಲ ಹೇಳಬಹುದು’ ಎಂದು ನಿಮ್ಮವರಿಂದ ಹೇಳಿಸಿ ಫೈಲಿನಲ್ಲಿ ಬರೆಸಿಬಿಡು. ಇಲ್ಲದಿದ್ದರೆ ನೀನು ಫೋನ್ ಮಾಡಿದಾಗ ‘ಕ್ಷಮಿಸಿ’ ಎಂದು ಇಟ್ಟುಬಿಡುತ್ತಾರೆ.

ಹಾಗಂತ ನೀನು ಬಾಯಿ ಮುಚ್ಚಿಕೊಂಡು ಕೂರಬೇಕಾಗಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಂಡು ಹೋಗು. ಆ ಹತ್ತು ಹದಿನೈದು ನಿಮಿಷದಲ್ಲಿ ಹೇಳಿದ್ದರಲ್ಲಿ ಅರ್ಧವೂ ಅವರ ತಲೆಗೆ ಹೋಗುವುದಿಲ್ಲ. ಬರೆದುಕೊಳ್ಳುವವಳು ನೀನು. ಕೇಳಬೇಕಾದ್ದನ್ನು ಹಿಂದಿನ ರಾತ್ರಿ ಇಬ್ಬರೂ ಕೂತು ಬರೆದಿಟ್ಟುಕೊಳ್ಳಿ. ಇಂಗ್ಲಿಷ್ ಕಷ್ಟವಾದರೆ ಕನ್ನಡ ದುಭಾಷಿ ಬೇಕೆಂದು ಮುಂಚೆಯೇ ಕೇಳು, ದುಡ್ಡು ಕೊಡಬೇಕಿಲ್ಲ. ಅಂದಹಾಗೆ ಇಲ್ಲಿ ಸರ್ಜನ್‌ಗಳನ್ನು ಡಾಕ್ಟರ್ ಎನ್ನುವುದಿಲ್ಲ, ಮಿಸ್ಟರ್ ಎನ್ನುತ್ತಾರೆ. ನಮ್ಮತ್ತೆ ಇದನ್ನು ಕೇಳಿ ‘ಅಯ್ಯೋ, ಕುಯ್ದವನು ಡಾಕ್ಟರೇ ಅಲ್ವಾ?’ ಎಂದು ಗಾಬರಿಯಾಗಿದ್ದರು.

ಇನ್ನೊಂದು ಕೆಲಸವೂ ನಿನ್ನದೇ. ಗಂಡಸರು ನರ್ಸ್ ಮುಂದೆ ‘ಪರವಾಗಿಲ್ಲ, ಚೆನ್ನಾಗಿದ್ದೇನೆ’ ಎನ್ನುತ್ತಾರೆ. ಪ್ರತಿ ಸೈಕಲ್‌ಗೆ, ಅಂದರೆ ಕೀಮೋದ ಒಂದೊಂದು ಸುತ್ತಿಗೆ ಮುಂಚೆ ನರ್ಸ್ ಸಣ್ಣ ಸಣ್ಣ ಪ್ರಶ್ನೆ ಕೇಳುತ್ತಾರೆ. ಎಷ್ಟು ಸಲ ಟಾಯ್ಲೆಟ್‌ಗೆ ಹೋದಿರಿ, ಬಾಯಲ್ಲಿ ಹುಣ್ಣಿದೆಯಾ, ಶರ್ಟಿನ ಗುಂಡಿ ಹಾಕಿಕೊಳ್ಳಲು ಆಗುತ್ತಾ. ಗುಂಡಿಯ ಪ್ರಶ್ನೆ ಸುಮ್ನೆ ಕೇಳುವುದಲ್ಲ. ಆಕ್ಸಾಲಿಪ್ಲಾಟಿನ್ ಬೆರಳಿನ ನರಗಳಿಗೆ ತೊಂದರೆ ಮಾಡುತ್ತದೆ. ಹಾಗೇ ಬಿಟ್ಟರೆ ಮರಗಟ್ಟಿದ್ದು ಉಳಿದುಬಿಡಬಹುದು. ಐದನೇ ಸೈಕಲ್ ಹೊತ್ತಿಗೆ ನಮ್ಮವರ ಗುಂಡಿಗಳನ್ನು ನಾನೇ ಹಾಕುತ್ತಿದ್ದೆ. ಕ್ಲಿನಿಕ್ಕಿನಲ್ಲಿ ಮಾತ್ರ ‘ಏನೂ ತೊಂದರೆ ಇಲ್ಲ’ ಎಂದರು. ನಾನು ತಡೆಯಲಾರದೆ ‘ಇವತ್ತಿನ ಗುಂಡಿ ಹಾಕಿದ್ದು ನಾನು’ ಎಂದೆ. ಅವತ್ತೇ ಡೋಸ್ ಇಳಿಸಿದರು. ರೂಮಿನಿಂದ ಹೊರಗೆ ಬಂದ ಮೇಲೆ ನನ್ನ ಮೇಲೆ ಸಿಟ್ಟು ಮಾಡಿಕೊಂಡರು, ಅದು ಬೇರೆ ಮಾತು.

ಈಗ ಚಳಿಯ ವಿಷಯ. ಈ ಔಷಧಿಗೂ ತಣ್ಣಗಿನದ್ದಕ್ಕೂ ಆಗಿಬರುವುದಿಲ್ಲ. ಎರಡು ಗಂಟೆ ಡ್ರಿಪ್ ಹಾಕಿಸಿಕೊಂಡು ಹೊರಗೆ ಬಂದು ಕಾರಿನ ಬಾಗಿಲು ಮುಟ್ಟಿದರೆ ಸೂಜಿ ಚುಚ್ಚಿದ ಹಾಗೆ. ನಮ್ಮವರಿಗೆ ಶುರುವಾಗಿದ್ದು ಡಿಸೆಂಬರಿನಲ್ಲಿ, ಯೋಚನೆ ಮಾಡು. ಮೊದಲ ರಾತ್ರಿ ಮರೆತು ನಲ್ಲಿ ನೀರು ಕುಡಿದರು. ಗಂಟಲು ಕಟ್ಟಿ ಉಸಿರೇ ನಿಂತ ಹಾಗಾಯಿತು. ನಿಜವಾಗಿ ನಿಂತಿರಲಿಲ್ಲ, ನರಕ್ಕೆ ಹಾಗೆ ಅನಿಸುತ್ತದಂತೆ. ನರ್ಸ್ ಮುಂಚೆಯೇ ಹೇಳಿದ್ದರು, ನಮಗೆ ನೆನಪಿರಲಿಲ್ಲ. ಮಾರನೇ ದಿನ ಫ್ರಿಜ್ ಬಾಗಿಲ ಹಿಡಿಗೆ ಒಂದು ಜೊತೆ ಉಣ್ಣೆಯ ಗ್ಲೌಸು ನೇತುಹಾಕಿದೆ. ಮಂಚದ ಪಕ್ಕದಲ್ಲಿ ಫ್ಲಾಸ್ಕಿನಲ್ಲಿ ಬಿಸಿನೀರು. ಹೊರಗೆ ಹೊರಟರೆ ಮೂಗು ಬಾಯಿ ಮುಚ್ಚುವ ಹಾಗೆ ಮಫ್ಲರ್. ನಾವು ಹೇಗೂ ಬಿಸಿನೀರು, ಜೀರಿಗೆ ನೀರು ಕುಡಿಯುವವರು, ಆ ಮಟ್ಟಿಗೆ ಸುಲಭ.

ಮಾತ್ರೆ ಮನೆಯಲ್ಲೇ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಊಟವಾದ ಅರ್ಧ ಗಂಟೆಯೊಳಗೆ. ಹದಿನಾಲ್ಕು ದಿನ ನುಂಗಿ ಒಂದು ವಾರ ಬಿಡುವುದು. ಕೆಲವರಿಗೆ 4 ಸೈಕಲ್, ಕೆಲವರಿಗೆ 8. ಶುರು ಮಾಡುವ ಮುಂಚೆ ಡಿಪಿವೈಡಿ ಎಂಬ ರಕ್ತ ಪರೀಕ್ಷೆ ಈಗ ಮಾಡುತ್ತಾರೆ. ಕೆಲವರ ದೇಹಕ್ಕೆ ಈ ಮಾತ್ರೆಯನ್ನು ಒಡೆಯುವ ಶಕ್ತಿ ಕಡಿಮೆ, ಅಂಥವರಿಗೆ ಮಾಮೂಲಿ ಡೋಸೇ ವಿಷವಾಗಬಹುದು. ನಮ್ಮ ಕಾಲದಲ್ಲಿ ಅದು ಎಲ್ಲರಿಗೂ ಮಾಡುತ್ತಿರಲಿಲ್ಲ. ಆ ರಿಸಲ್ಟ್ ಬಂತಾ ಎಂದು ಕೇಳು.

ಅಡುಗೆ ಬಗ್ಗೆ ನಾನು ಹೇಳುವುದು ಕಡಿಮೆ. ಒಗ್ಗರಣೆ ವಾಸನೆ ಬಂದರೆ ಸಾಕು, ಇವರು ಎದ್ದು ಹೋಗುತ್ತಿದ್ದರು. ಗಂಜಿ, ಮೆತ್ತಗೆ ಮಾಡಿದ ಅನ್ನ, ಇಡ್ಲಿ, ಇಷ್ಟೇ ನಡೆಯಿತು. ಮನೆಯಲ್ಲಿ ಹೆಪ್ಪು ಹಾಕಿದ ಮೊಸರು ಕೊಡಬಹುದಾ ಎಂದು ನರ್ಸನ್ನು ಕೇಳು. ಊರಿನಿಂದ ಕಷಾಯದ ಪುಡಿ, ಲೇಹ್ಯ ಬರುತ್ತವೆ, ಖಂಡಿತ ಬರುತ್ತವೆ. ತೋರಿಸಿ ಕೇಳದೆ ಒಂದು ಚಮಚವನ್ನೂ ಕೊಡಬೇಡ. ಕಳಿಸಿದವರ ಮನಸ್ಸು ನೋಯಿಸುವುದೂ ಬೇಡ, ‘ಬಂತು, ಥ್ಯಾಂಕ್ಸ್’ ಎಂದರಾಯಿತು.

ಜ್ವರ ಮಾತ್ರ ತಮಾಷೆಯಲ್ಲ. ಥರ್ಮಾಮೀಟರ್ ಎರಡು ತಂದಿಡು. ಎಷ್ಟು ಡಿಗ್ರಿಗೆ ಫೋನ್ ಮಾಡಬೇಕು ಎಂದು ಅವರು ಕೊಡುವ ಕಾರ್ಡಿನಲ್ಲಿ ಬರೆದಿರುತ್ತದೆ. ಅದರಲ್ಲೇ 24 ಗಂಟೆಯ ನಂಬರೂ ಇರುತ್ತದೆ. ಮೂರನೇ ಸೈಕಲ್‌ನಲ್ಲಿ ರಾತ್ರಿ ಎರಡು ಗಂಟೆಗೆ 38.4 ಸೆಲ್ಸಿಯಸ್ ಬಂತು, ನಮ್ಮ ಲೆಕ್ಕದಲ್ಲಿ 101. ಇವರು ‘ಪ್ಯಾರಾಸಿಟಮಾಲ್ ಕೊಡು, ಬೆಳಿಗ್ಗೆ ನೋಡೋಣ’ ಎಂದರು. ಕೊಡಬಾರದು, ಜ್ವರ ಮುಚ್ಚಿಹೋಗುತ್ತದೆ. ಫೋನ್ ಮಾಡಿದೆ, ಈಗಲೇ ಬನ್ನಿ ಎಂದರು. ರಕ್ತದಲ್ಲಿ ಬಿಳಿ ಕಣ ತೀರಾ ಇಳಿದಾಗ ಸೋಂಕು ಕೆಲವೇ ಗಂಟೆಗಳಲ್ಲಿ ಮೈಗೆಲ್ಲ ಹಬ್ಬಬಹುದು. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಹಾಕಬೇಕು ಎಂಬುದು ಇಲ್ಲಿನ ನಿಯಮ. ತುರ್ತು ವಿಭಾಗದ ಕೌಂಟರಿನಲ್ಲಿ ಎಲ್ಲರ ಹಿಂದೆ ಕ್ಯೂ ನಿಲ್ಲಬೇಡ. ಕಾರ್ಡು ಮುಂದೆ ಚಾಚಿ ‘ಕೀಮೋ, ಜ್ವರ’ ಎನ್ನು. ನಾಚಿಕೆ ಬೇಡ. ನಾವು ಐದು ದಿನ ಅಲ್ಲೇ ಇದ್ದೆವು.

ಇಲ್ಲಿ ಕೇಳದೆ ಸಿಗುವುದು ಕಡಿಮೆ, ಕೇಳಿದರೆ ಬೇಕಾದಷ್ಟು ಸಿಗುತ್ತದೆ. ನಮಗೆ ಒಂದು ಸ್ಕ್ಯಾನಿನ ಪತ್ರ ಸ್ಕ್ಯಾನ್ ದಿನ ಕಳೆದು ಎರಡು ದಿನಕ್ಕೆ ಬಂತು. ಪೋಸ್ಟ್ ನಂಬಿಕೊಂಡು ಕೂರಬೇಡ. ಎರಡು ವಾರದಲ್ಲಿ ಸುದ್ದಿ ಇಲ್ಲ ಎಂದರೆ ಸ್ಪೆಷಲಿಸ್ಟ್ ನರ್ಸ್‌ಗೆ ಫೋನ್ ಮಾಡು. ಇಡೀ ಆಸ್ಪತ್ರೆಯಲ್ಲಿ ನಿನಗೆ ಆಗಿಬರುವ ಮನುಷ್ಯರೆಂದರೆ ಅವರೇ. ಅವರ ಹೆಸರು, ನಂಬರು ಫ್ರಿಜ್ ಮೇಲೆ ಅಂಟಿಸು.

ದುಡ್ಡಿನ ಭಯ ಬರೆದಿದ್ದೀಯ. ವೀಸಾ ಜೊತೆಗೆ ವರ್ಷಕ್ಕೆ ತಲೆಗೆ 1,035 ಪೌಂಡ್ ಹೆಲ್ತ್ ಸರ್ಚಾರ್ಜ್ ಕಟ್ಟಿದ್ದೀರಲ್ಲ, ಅದು ಇದಕ್ಕೇ. ಆಪರೇಷನ್, ಕೀಮೋ, ಸ್ಕ್ಯಾನ್ ಯಾವುದಕ್ಕೂ ಬಿಲ್ ಬರುವುದಿಲ್ಲ. ಔಷಧಿ ಅಂಗಡಿಯಲ್ಲಿ ಒಂದೊಂದು ಔಷಧಿಗೂ 9.90 ಪೌಂಡ್ ಕೊಡುತ್ತಿದ್ದರೆ ನಿಲ್ಲಿಸು. ಜಿಪಿ, ಅಂದರೆ ನಿಮ್ಮ ಮಾಮೂಲಿ ಡಾಕ್ಟರ ಹತ್ತಿರ ಎಫ್‌ಪಿ92ಎ ಫಾರಂ ಕೇಳಿ ತುಂಬಿಸಿದರೆ ಕ್ಯಾನ್ಸರ್ ಇದ್ದವರಿಗೆ ಐದು ವರ್ಷ ಎಲ್ಲ ಔಷಧಿಯೂ ಫ್ರೀ. ನಾವು ನಾಲ್ಕು ತಿಂಗಳು ಸುಮ್ನೆ ಕೊಟ್ಟೆವು.

ಕೆಲಸದ ವಿಷಯ. ಕ್ಯಾನ್ಸರ್ ಎಂದು ಗೊತ್ತಾದ ದಿನದಿಂದಲೇ 2010ರ ಈಕ್ವಾಲಿಟಿ ಕಾಯ್ದೆಯ ರಕ್ಷಣೆ ನಿಮ್ಮವರಿಗಿದೆ. ಕಂಪನಿ ಕೊಡಿಸಿದ ಸ್ಪಾನ್ಸರ್ ವೀಸಾದಲ್ಲಿ ಸಂಬಳವಿಲ್ಲದೆ ನಾಲ್ಕು ವಾರಕ್ಕಿಂತ ಜಾಸ್ತಿ ರಜೆ ಹಾಕಬಾರದು ಎಂಬ ನಿಯಮ ಇದೆ, ಕಾಯಿಲೆ ರಜೆಗೆ ವಿನಾಯಿತಿ. ಆದರೂ ಎಚ್‌ಆರ್ ಹತ್ತಿರ ಬಾಯಿಮಾತು ಬೇಡ, ಇಮೇಲಿನಲ್ಲೇ ಇರಲಿ. ಕಾಯಿಲೆ ರಜೆ ಏಳು ದಿನ ದಾಟಿದರೆ ಫಿಟ್ ನೋಟ್ ಎಂಬ ವೈದ್ಯಕೀಯ ಚೀಟಿ ಬೇಕು. ನೀನು ಡಿಪೆಂಡೆಂಟ್ ವೀಸಾದಲ್ಲಿ ಕೆಲಸ ಮಾಡಬಹುದು. ಕೆಲಸ ಸಿಕ್ಕರೆ, 2024ರ ಏಪ್ರಿಲಿನಲ್ಲಿ ಬಂದ ನಿಯಮದಂತೆ, ಸೇರಿದ ಮೊದಲ ದಿನದಿಂದಲೇ ವರ್ಷಕ್ಕೆ ಒಂದು ವಾರ ಕೇರರ್ಸ್ ಲೀವ್, ಅಂದರೆ ಮನೆಯವರನ್ನು ನೋಡಿಕೊಳ್ಳುವ ರಜೆ ಇದೆ, ಸಂಬಳ ಇಲ್ಲ. ರೋಗಿಯನ್ನು ನೋಡಿಕೊಳ್ಳುವವರಿಗೆ ಸರ್ಕಾರ ಕೊಡುವ ಕೇರರ್ಸ್ ಅಲವೆನ್ಸ್‌ಗೆ ಮಾತ್ರ ಅರ್ಜಿ ಹಾಕಬೇಡ. ಅದು ಪಬ್ಲಿಕ್ ಫಂಡ್ಸ್, ಅಂದರೆ ನಿಮ್ಮಂಥ ವೀಸಾದವರು ಮುಟ್ಟಬಾರದ ಸರ್ಕಾರಿ ನೆರವಿನ ಪಟ್ಟಿಯಲ್ಲಿದೆ, ನಿಮ್ಮ ವೀಸಾಕ್ಕೆ ಕುತ್ತು.

ಅಮ್ಮನನ್ನು ಕರೆಸಿಕೊಳ್ಳಲಾ ಎಂದು ಕೇಳಿದ್ದೀಯ. ವಿಸಿಟರ್ ವೀಸಾದಲ್ಲಿ ಆರು ತಿಂಗಳು ಇರಬಹುದು. ಆದರೆ ಅವರಿಗೇ ಹುಷಾರು ತಪ್ಪಿ ಆಸ್ಪತ್ರೆಗೆ ಸೇರಿದರೆ ಇಲ್ಲಿ ಮಾಮೂಲಿ ದರದ ಒಂದೂವರೆ ಪಟ್ಟು ಬಿಲ್. ಇನ್ಶೂರೆನ್ಸ್ ಇಲ್ಲದೆ ವಿಮಾನ ಹತ್ತಿಸಬೇಡ. ನಮ್ಮಮ್ಮ ಬಂದಿದ್ದರು. ಅಡುಗೆ ಆಯಿತು, ನಿಜ. ಜೊತೆಗೆ ಅವರ ಅಳುವನ್ನೂ ನಾನೇ ಸಮಾಧಾನ ಮಾಡಬೇಕಿತ್ತು.

ನಿನ್ನ ಅಳುವಿಗೂ ಒಂದು ಜಾಗ ಬೇಕಲ್ವಾ. ನಿಮ್ಮ ಮ್ಯಾಂಚೆಸ್ಟರಿನಲ್ಲೇ ಕ್ರಿಸ್ಟಿ ಎಂಬ ಕ್ಯಾನ್ಸರ್ ಆಸ್ಪತ್ರೆ ಪಕ್ಕ ಮ್ಯಾಗೀಸ್ ಎಂಬ ಕೇಂದ್ರ ಇದೆ, 2016ರಲ್ಲಿ ಶುರುವಾದದ್ದು. ಮ್ಯಾಗಿ ಕೆಸ್ವಿಕ್ ಜೆಂಕ್ಸ್ ಎಂಬಾಕೆಗೆ ಕ್ಯಾನ್ಸರ್ ಮರುಕಳಿಸಿದೆ ಎಂದು ಹೇಳಿ, ಕಿಟಕಿಯೇ ಇಲ್ಲದ ಕಾರಿಡಾರಿನಲ್ಲಿ ಕೂರಿಸಿದ್ದರಂತೆ. ಹಾಗೆ ಯಾರೂ ಕೂರಬಾರದು ಎಂದು ಆಕೆ ಯೋಚಿಸಿದ ಜಾಗ ಇದು. ಮೊದಲನೆಯದು 1996ರಲ್ಲಿ ಎಡಿನ್‌ಬರೋದಲ್ಲಿ ತೆರೆಯಿತು. ಅಪಾಯಿಂಟ್‌ಮೆಂಟ್ ಬೇಡ, ದುಡ್ಡು ಬೇಡ, ರೋಗಿಯೇ ಆಗಿರಬೇಕೆಂದೂ ಇಲ್ಲ. ಒಳಗೆ ಹೋದರೆ ದೊಡ್ಡ ಅಡುಗೆಮನೆಯ ಮೇಜು, ಟೀ. ಇವರಿಗೆ ಡ್ರಿಪ್ ಹಾಕಿದ ಹೊತ್ತಿನಲ್ಲಿ ನಾನು ನಮ್ಮ ಕಡೆಯ ಕೇಂದ್ರಕ್ಕೆ ಹೋಗಿ ಕೂರುತ್ತಿದ್ದೆ. ಮೊದಲ ಸಲ ಏನೂ ಮಾತಾಡದೆ ಎರಡು ಕಪ್ ಟೀ ಕುಡಿದು ಬಂದೆ.

ವಾಪಸ್ ಹೋಗುವ ಮಾತು. ಊರಿನಲ್ಲಿ ಜನ ಇದ್ದಾರೆ, ಅದು ದೊಡ್ಡದು, ನಾನು ಇಲ್ಲ ಎನ್ನುವುದಿಲ್ಲ. ಆದರೆ ಅಲ್ಲಿ ಹೊಸದಾಗಿ ಇನ್ಶೂರೆನ್ಸ್ ಮಾಡಿಸಿದರೆ ಈಗಾಗಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಕೆಲಸ ಬಿಟ್ಟರೆ ವೀಸಾವೂ ಹೋಯಿತು. ಕೀಮೋ ನಡುವೆ ಡಾಕ್ಟರ್ ಬದಲಾಯಿಸುವುದು ನನಗಂತೂ ಸರಿ ಕಾಣುವುದಿಲ್ಲ. ಎಲ್ಲ ಸೈಕಲ್ ಮುಗಿಯಲಿ, ಸ್ಕ್ಯಾನ್ ಬರಲಿ, ಆಮೇಲೆ ಇಬ್ಬರೇ ಕೂತು ಯೋಚಿಸಿ. ಊರಿಗೆಲ್ಲ ನೀನೇ ಸುದ್ದಿ ಹೇಳುತ್ತಾ ಕೂರಬೇಡ. ನಿನ್ನ ಮೈದುನನಿಗೆ ಒಪ್ಪಿಸು, ಫೋನ್ ಮಾಡುವವರೆಲ್ಲ ಅವನಿಗೆ ಮಾಡಲಿ.

ಕೀಮೋ ದಿನ ಬೇಗ ಹೊರಡಿ, ಕಾರ್ ಪಾರ್ಕ್ ಒಂಬತ್ತಕ್ಕೇ ತುಂಬಿರುತ್ತದೆ. ತಿಂಗಳಿಗೆ ಮೂರು ಸಲದಂತೆ ಮೂರು ತಿಂಗಳಾದರೂ ಹೋಗುವವರಿಗೆ ಇಂಗ್ಲೆಂಡಿನಲ್ಲಿ ಪಾರ್ಕಿಂಗ್ ಫ್ರೀ, ಅದನ್ನೂ ಕೇಳು. ಗ್ಲೌಸು ಕಾರಿನಲ್ಲಿ ಒಂದು ಜೊತೆ, ಫ್ರಿಜ್ಜಿಗೆ ಒಂದು ಜೊತೆ. ಮೊದಲ ಸೈಕಲ್ ಹೇಗಾಯಿತು ಎಂದು ಬರೆ.