ಕಾರ್ಡ್ ಇದ್ರೂ ಅಡ್ವಾನ್ಸ್ ಕಟ್ಲೇಬೇಕಾ?

ಪ್ರಶ್ನೆ: ನಮ್ಮ ಮಾವನವ್ರಿಗೆ ರಾತ್ರಿ ಹಾರ್ಟ್ ಅಟ್ಯಾಕ್ ಆಯ್ತು. ಪ್ರೈವೇಟ್ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಕೌಂಟರ್‌ನಲ್ಲಿ ಮೊದ್ಲು ಐವತ್ತು ಸಾವಿರ ಕಟ್ಟಿ ಅಂದ್ರು, ಆಯುಷ್ಮಾನ್ ಕಾರ್ಡ್ ತೋರ್ಸಿದ್ರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಲೆಟರ್ ತನ್ನಿ ಅಂದ್ರು. ಕೈಸಾಲ ಮಾಡಿ ಕಟ್ಟಿದ್ವಿ, ಆಮೇಲೆ ಅತ್ತೆಯವ್ರ ಓಲೆ ಅಡ ಇಟ್ಟು ಆ ಸಾಲ ತೀರಿಸಿದ್ವಿ. ಎಲ್ಲರಿಗೂ ಒಂದೇ ಥರ ಚಿಕಿತ್ಸೆ ಅನ್ನೋದು ನಮ್ಮ ರಾಜ್ಯದಲ್ಲಿ ಯಾವತ್ತು ಬರುತ್ತೆ?
ಓದುಗರು, ಚಿತ್ರದುರ್ಗ ಜಿಲ್ಲೆ

ಉತ್ತರ: ಓದಿ ಸಂಕಟ ಆಯ್ತಮ್ಮ, ಸಿಟ್ಟೂ ಬಂತು. ಆ ಹೊತ್ತಲ್ಲಿ ನಿಮ್ಮನ್ನ ಲೆಟರ್ ಕೇಳಿದ್ದೇ ತಪ್ಪು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ 2018ರಲ್ಲಿ ಶುರುವಾದ ಯೋಜನೆ, ಅದ್ರಲ್ಲಿ ರೆಫರಲ್ ಬೇಕಾಗೋದು ನಾಲ್ಕು ದಿನ ಕಾಯಬಹುದಾದ ಕಾಯಿಲೆಗೆ, ಹಾರ್ಟ್ ಅಟ್ಯಾಕ್‌ನಂಥ ಎಮರ್ಜೆನ್ಸಿಗೆ ಯೋಜನೇಲಿರೋ ಆಸ್ಪತ್ರೆ ಲೆಟರ್ ಇಲ್ದೇನೇ ಸೇರಿಸ್ಕೋಬೇಕು, ಅಲ್ಲಿ ಕಾರ್ಡ್ ಇರೋರಿಗೆ ನೆರವಾಗೋಕೆ ಆರೋಗ್ಯಮಿತ್ರ ಅಂತ ಒಬ್ರು ಇರ್ತಾರೆ, ಮೊದ್ಲು ಅವ್ರನ್ನ ಹುಡುಕ್ಬೇಕು. ಯೋಜನೇಲಿ ಇಲ್ದಿರೋ ಆಸ್ಪತ್ರೆ ಆದ್ರೂ ಖಾಸಗಿ ಆಸ್ಪತ್ರೆಗಳಿಗೆ ನಿಯಮ ಹಾಕೋ ಕೆಪಿಎಂಇ ಕಾಯ್ದೆ ಇದ್ದೇ ಇದೆ. 2017ರ ತಿದ್ದುಪಡಿ ಪ್ರಕಾರ ಎಮರ್ಜೆನ್ಸೀಲಿ ಅಡ್ವಾನ್ಸ್‌ಗೆ ಪಟ್ಟು ಹಿಡಿಯೋ ಹಾಗಿಲ್ಲ, ಬಿಲ್ ಬಾಕಿ ಅಂತ ಹೆಣ ತಡೆದಿಟ್ಕೊಳ್ಳೋ ಹಾಗೂ ಇಲ್ಲ. ಆ ತಿದ್ದುಪಡಿ ಬರೋವಾಗ ಖಾಸಗಿ ಡಾಕ್ಟರ್‌ಗಳು ಮುಷ್ಕರ ಮಾಡಿದ್ದು ನೆನಪಿರ್ಬಹುದು.

ಇನ್ನು ಎಲ್ಲರಿಗೂ ಒಂದೇ ಥರ ಅನ್ನೋ ಮಾತು. ಆಯುಷ್ಮಾನ್ ಯೋಜನೇಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಫ್ರೀ, ಎಪಿಎಲ್ ಆದ್ರೆ ಪ್ಯಾಕೇಜ್ ದರದ, ಅಂದ್ರೆ ಆ ಚಿಕಿತ್ಸೆಗೆ ಯೋಜನೇಲಿ ಗೊತ್ತು ಮಾಡಿರೋ ದರದ, 30 ಪರ್ಸೆಂಟ್ ಮಾತ್ರ ಸರ್ಕಾರ ಕೊಡುತ್ತೆ, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ಅಂದ್ರೆ ಮಗನಿಗೆ ಸಣ್ಣದೊಂದು ಕೆಲ್ಸ ಸಿಕ್ಕಿ ರೇಷನ್ ಕಾರ್ಡ್ ಬದ್ಲಾಯ್ತು ಅಂದ್ರೆ ಅದೇ ಅಪ್ಪನ ಅದೇ ಎದೆನೋವಿಗೆ 70 ಪರ್ಸೆಂಟ್ ಮನೆಯವ್ರ ತಲೆ ಮೇಲೆ ಬರುತ್ತೆ. ಜೀವ ಉಳಿಸೋ ವಿಷಯ ಕಾರ್ಡಿನ ಬಣ್ಣದ ಮೇಲೆ ನಿಲ್ಲಬಾರ್ದು, ಇದು ನನ್ನ ಗಟ್ಟಿ ಅಭಿಪ್ರಾಯ. ಅಡ್ಮಿಟ್ ಆದವ್ರ ಖರ್ಚು ಬಿಟ್ರೆ ದಿನಾ ನುಂಗೋ ಬಿಪಿ, ಶುಗರ್ ಮಾತ್ರೆಗೆ ಆಯುಷ್ಮಾನ್ ಕಾರ್ಡ್ ಬರೋದೂ ಇಲ್ಲ.

ಪಶ್ಚಿಮ ಬಂಗಾಳದಲ್ಲಿ ರೈಲಿಂದ ಬಿದ್ದ ಕೂಲಿಕಾರನೊಬ್ಬನನ್ನ ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ವಾಪಸ್ ಕಳಿಸಿದ ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ, ಸರ್ಕಾರಿ ಆಸ್ಪತ್ರೇಲಿ ಸಮಯಕ್ಕೆ ಚಿಕಿತ್ಸೆ ಕೊಡದೇ ಇರೋದು ಬದುಕೋ ಹಕ್ಕಿನ ಉಲ್ಲಂಘನೆ ಅಂತ. ರಾಜಸ್ಥಾನ 2023ರಲ್ಲಿ ಆರೋಗ್ಯ ಹಕ್ಕಿನ ಕಾಯ್ದೆ ಮಾಡ್ತು, ದೇಶದಲ್ಲೇ ಮೊದ್ಲು. ಅದ್ರಲ್ಲಿ ಎಮರ್ಜೆನ್ಸಿ ರೋಗಿ ದುಡ್ಡು ಕೊಡೋಕಾಗ್ದಿದ್ರೆ ಆಸ್ಪತ್ರೆಗೆ ಸರ್ಕಾರ ತುಂಬಿಕೊಡ್ಬೇಕು. ನಮಗೂ ಅಂಥದ್ದೊಂದು ಕಾಯ್ದೆ ಬೇಕು, ಜೊತೆಗೆ ತಾಲ್ಲೂಕು ಆಸ್ಪತ್ರೇಲಿ ರಾತ್ರಿ ಹೊತ್ತಲ್ಲೂ ಡಾಕ್ಟರ್, ಇಸಿಜಿ, ಔಷಧಿ ಇರ್ಬೇಕು. ವೋಟ್ ಕೇಳೋಕೆ ಬರೋರನ್ನ ರಸ್ತೆ ಕೇಳೋ ಹಾಗೆ ಇದನ್ನೂ ಕೇಳಿ.

ನಿಮ್ಮ ಕೇಸ್ ಮಾತ್ರ ಇಲ್ಲಿಗೇ ಬಿಡ್ಬೇಡಿ. ಅಡ್ವಾನ್ಸ್ ರಸೀದಿ, ಬಿಲ್, ಡಿಸ್ಚಾರ್ಜ್ ಸಮರಿ ಮೂರೂ ಜೆರಾಕ್ಸ್ ಮಾಡ್ಸಿ, ಯಾವ ಹೊತ್ತಿಗೆ ಹೋದ್ರಿ, ಏನಂದ್ರು ಅಂತ ಬರೆದು ಕೆಪಿಎಂಇ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡಿ. ಅದಕ್ಕೆ ಜಿಲ್ಲಾಧಿಕಾರಿನೇ ಅಧ್ಯಕ್ಷರು. ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಆಫೀಸಲ್ಲಿ ಕೊಡ್ಬಹುದು, ನಿಮ್ಮ ಕಾಪಿ ಮೇಲೆ ಸೀಲ್, ತಾರೀಖು ಹಾಕಿಸ್ಕೊಂಡೇ ಬನ್ನಿ.