ಅಪ್ಪನನ್ನು ಕೇಳಿದಿರಾ?

2025ರ ಜನವರಿ ಕೊನೆಯಲ್ಲಿ ನಮ್ಮ ರಾಜ್ಯ ಸರ್ಕಾರ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುತ್ತೋಲೆ ಹೊರಡಿಸಿತಲ್ಲ, ಅವತ್ತಿನಿಂದ ಒಂದೇ ಪ್ರಶ್ನೆ ನನ್ನ ಹತ್ತಿರ ಪದೇ ಪದೇ ಬರುತ್ತಿದೆ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಸಲಹೆ ಕೇಳಿಕೊಂಡು ಬಂದವರು ಬೆಂಗಳೂರಿನ ರಾಜಾಜಿನಗರದ ಕಡೆಯವರು, ನಲವತ್ತು ದಾಟಿದ ಮಗ. ತಂದೆಗೆ ಶ್ವಾಸಕೋಶದ ಕ್ಯಾನ್ಸರ್, ಮೂಳೆಗೂ ಹರಡಿದೆ. ಕೀಮೋ ನಿಂತಿದೆ.

"ರಾತ್ರಿಯೆಲ್ಲ ನರಳ್ತಾರೆ ಮೇಡಂ. ಸರ್ಕಾರಾನೇ ಆರ್ಡರ್ ಮಾಡಿದೆಯಂತಲ್ಲ, ಒಂದು ಇಂಜೆಕ್ಷನ್ ಕೊಡಿಸೋಕಾಗುತ್ತಾ?"

ಆಗಲ್ಲ ಅಂದೆ. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಇವತ್ತಿಗೂ ಅಪರಾಧ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ್ದು, 2023ರಲ್ಲಿ ಸರಳ ಮಾಡಿದ್ದು ಬೇರೆ. ಗುಣವಾಗುವ ಆಸೆಯೇ ಇಲ್ಲದವರಿಗೆ ವೆಂಟಿಲೇಟರಿನಂಥ ಚಿಕಿತ್ಸೆಯನ್ನು ಶುರು ಮಾಡದಿರಬಹುದು, ಶುರು ಮಾಡಿದ್ದನ್ನು ನಿಲ್ಲಿಸಬಹುದು. ಅದಕ್ಕೂ ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು. ಇವರ ತಂದೆ ಇದ್ದದ್ದು ಮನೆಯಲ್ಲಿ, ಮಂಚದ ಮೇಲೆ. ನಿಲ್ಲಿಸೋಕೆ ಅಲ್ಲಿ ಯಾವ ಮೆಷೀನೂ ಇರಲಿಲ್ಲ.

"ಅಪ್ಪ ಏನಂತಾರೆ?" ಅಂತ ಕೇಳಿದೆ.

"ಅವರಿಗೆ ಕ್ಯಾನ್ಸರ್ ಅಂತಾನೇ ಹೇಳಿಲ್ಲ ಮೇಡಂ. ಗೊತ್ತಾದ್ರೆ ಕುಸಿದುಹೋಗ್ತಾರೆ."

ನನಗೆ ಸಂಕಟ ಆಗುವುದು ಇಲ್ಲೇ. ಕಾಯಿಲೆಯ ಹೆಸರು ಹೇಳಲಿಕ್ಕೂ ಧೈರ್ಯ ಸಾಲದ ಮನೆಯಲ್ಲಿ, ಸಾವಿನ ತೀರ್ಮಾನ ಮಾತ್ರ ಆಗಿಹೋಗಿರುತ್ತದೆ. ಪ್ರೀತಿ ಇಲ್ಲ ಅಂತಲ್ಲ. ಈ ಮಗ ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಗಿತ್ತೋ.

ಅವರು ಒಪ್ಪಿದ ಮೇಲೆ ಮನೆಗೆ ಹೋದೆ. ಮಾತ್ರೆ ಏನೇನು ಕೊಡುತ್ತಿದ್ದೀರಿ ಅಂತ ಕೇಳಿದಾಗ ಅಮ್ಮ ದೇವರ ಕೋಣೆಯಿಂದ ಒಂದು ಸ್ಟೀಲ್ ಡಬ್ಬಿ ತಂದರು. ಒಳಗೆ ತೀವ್ರ ನೋವಿಗೆ ಕೊಡುವ ಮಾರ್ಫಿನ್ ಮಾತ್ರೆ. ನಾಲ್ಕು ಗಂಟೆಗೊಂದು ಕೊಡಿ ಅಂತ ಡಾಕ್ಟರ್ ಬರೆದಿದ್ದರು. ಅಮ್ಮ ಕೊಡುತ್ತಿದ್ದದ್ದು ತೀರಾ ತಡೆಯಲಾಗದಿದ್ದಾಗ ಒಂದು. "ಅಭ್ಯಾಸ ಆಗ್ಬಿಟ್ರೆ?" ಅಂದರು.

ಯಜಮಾನರ ಹತ್ತಿರ ಕೂತು, "ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನನ್ನಿಸುತ್ತೆ?" ಅಂತಷ್ಟೇ ಕೇಳಿದೆ. ಅವರು ಮಗನ ಕಡೆ ನೋಡಿದರು.

"ಏನಮ್ಮಾ, ಕಿದ್ವಾಯಿಗೆ ಯಾರಾದ್ರೂ ನೆಗಡಿಗೆ ಕರ್ಕೊಂಡು ಹೋಗ್ತಾರಾ? ಅವನು ಅಳ್ತಾನೆ ಅಂತ ನಾನು ಸುಮ್ನಿದ್ದೆ."

ಮಗ ಕಿಟಕಿ ಕಡೆ ತಿರುಗಿಕೊಂಡರು. ಯಜಮಾನರು ಉಸಿರು ಸುಧಾರಿಸಿಕೊಂಡು ಮುಂದುವರಿಸಿದರು: "ಗಂಟಲಿಗೆ ಪೈಪ್ ಹಾಕೋದು ಬೇಡ. ಐಸಿಯೂ ಬೇಡ. ಆದ್ರೆ ಸಾಯೋಕೆ ಅವಸರ ಇಲ್ಲ ನನಗೆ. ಈ ಸೊಂಟದ ನೋವು ಒಂದು ಕಡಿಮೆ ಮಾಡಿಸಿ. ಮೊಮ್ಮಗಳ ಹತ್ರ ಚೌಕಾಬಾರ ಆಡೋದಿದೆ."

ಅವತ್ತು ಕೊಟ್ಟ ಸಲಹೆ ದೊಡ್ಡದೇನಲ್ಲ. ಮೊದಲು ಉಪಶಾಮಕ ಚಿಕಿತ್ಸೆಯ, ಅಂದರೆ ನೋವು, ಸಂಕಟ ಕಡಿಮೆ ಮಾಡುವ ಚಿಕಿತ್ಸೆಯ, ಡಾಕ್ಟರನ್ನು ನೋಡಿ, ಅವರು ಹೇಳಿದ ಹೊತ್ತಿಗೆ ಮಾತ್ರೆ ಕೊಡಿ. ಮಲಬದ್ಧತೆ ಆಗುತ್ತೆ, ಅದಕ್ಕೂ ಔಷಧಿ ಕೇಳಿ. ನೋವಿಗಾಗಿ ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಚಟದ ಭಯ ಬೇಡ. ಮನೆಯಲ್ಲಿ ನಿಭಾಯಿಸಲಾಗದಿದ್ದರೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಕರುಣಾಶ್ರಯ ಇದೆ, ಅಲ್ಲಿ ದುಡ್ಡು ಕೇಳುವುದಿಲ್ಲ. ಎರಡನೆಯದು, ಐಸಿಯೂ ಬೇಡ ಅನ್ನುವುದನ್ನು ಈಗಲೇ ಬರೆದಿಡಿ. ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ತನಗೆ ಎಚ್ಚರವಿಲ್ಲದಾಗ ಮಾತಾಡುವವರ ಹೆಸರು. ಇಷ್ಟಿದ್ದರೆ ಸಾಕು, ಕೋರ್ಟಿಗೆ ಅಲೆಯಬೇಕಿಲ್ಲ.

ಸಹೋದ್ಯೋಗಿಯೊಬ್ಬರು, "ದಯಾಮರಣ ಸರಿಯೋ ತಪ್ಪೋ ಅನ್ನೋದನ್ನ ನೀವು ಜಾರಿಸಿಬಿಟ್ರಿ" ಅಂದರು. ಇರಬಹುದು. ಬೇಡಿಕೆ ಇಟ್ಟವರನ್ನೆಲ್ಲ ತಡೆಯಬೇಕು ಅನ್ನುವ ಹಟ ನನಗಿಲ್ಲ. ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮನವರು ಘನತೆಯಿಂದ ಸಾಯುವ ಈ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದವರು. ಅವರು ಕೇಳಿದ್ದು ತಮಗಾಗಿ, ತಮ್ಮ ಬಾಯಿಂದ. ಡಬ್ಬಿಯಲ್ಲಿ ಮಾತ್ರೆ ಉಳಿದಿರುವಾಗ, ಪಕ್ಕದ ರೂಮಿನಲ್ಲಿ ನಿಂತು ಇನ್ನೊಬ್ಬರು ಕೇಳುವುದನ್ನು ನಾನು ಅದೇ ತಕ್ಕಡಿಗೆ ಹಾಕಲಾರೆ. ಮಗನ ಸುಸ್ತಿಗೆ ಬೇಕಾದ್ದು ರಾತ್ರಿ ಪಾಳಿಗೆ ಒಬ್ಬ ನರ್ಸ್.

ಕಾಗದಕ್ಕೆ ಸಹಿ ಆಗಿದೆ. ಅಮೆರಿಕದಲ್ಲಿರುವ ಮಗಳು ಮಾತ್ರ ಒಪ್ಪಿಲ್ಲ, ಕೊನೇವರೆಗೂ ಎಲ್ಲ ಮಾಡಿಸಿ ಅನ್ನುತ್ತಿದ್ದಾರೆ. ಬರುವ ಭಾನುವಾರ ವಿಡಿಯೋ ಕಾಲ್ ಇಟ್ಟುಕೊಂಡಿದ್ದೇವೆ. ಅದು ಅಪ್ಪನ ಮಂಚದ ಹತ್ತಿರವೇ ಆಗಬೇಕು ಅಂತ ಹೇಳಿದ್ದೇನೆ.